ವಿನತೆಯ ಎರಡು ಮೊಟ್ಟೆ, ಕದ್ರುವಿನ ಸಾವಿರ

ಮೂರನೆಯ ಮಗು ಹೆಣ್ಣಾದರೆ 50,000 ರೂಪಾಯಿ ಠೇವಣಿ, ಗಂಡಾದರೆ ಒಂದು ಹಸು. 2025ರ ಮಾರ್ಚ್‌ನಲ್ಲಿ ಆಂಧ್ರದ ವಿಜಯನಗರಂ ಸಂಸದರು ಮಾಡಿದ ಈ ಘೋಷಣೆ ನಿಮಗೆಲ್ಲ ನೆನಪಿರಬೇಕು. ಅದೂ ಮಹಿಳಾ ದಿನದ ಹೊತ್ತಿಗೆ. ನನಗೆ ಆವತ್ತಿನಿಂದ ಒಂದೇ ಚಿಂತೆ. ಅವಳಿ ಹುಟ್ಟಿದರೆ? ಒಂದು ಗಂಡು, ಒಂದು ಹೆಣ್ಣು ಆದರೆ ಹಸುವಿನ ಸಮೇತ ಬ್ಯಾಂಕಿಗೆ ಹೋಗಬೇಕಾ?

ಅದಕ್ಕೂ ಮೊದಲು 2024ರ ಅಕ್ಟೋಬರ್‌ನಲ್ಲಿ ಚಂದ್ರಬಾಬು ನಾಯ್ಡು ಒಂದು ಮಾತು ಹೇಳಿದ್ದರು. ಇಬ್ಬರಿಗಿಂತ ಜಾಸ್ತಿ ಮಕ್ಕಳಿದ್ದವರಿಗೆ ಮಾತ್ರ ಸ್ಥಳೀಯ ಚುನಾವಣೆಗೆ ನಿಲ್ಲಲು ಬಿಡುವ ಕಾನೂನು ತರುವ ಯೋಚನೆ ಇದೆ ಅಂತ. ಇಬ್ಬರಿಗಿಂತ ಜಾಸ್ತಿ ಇದ್ದವರು ನಿಲ್ಲಲೇಬಾರದು ಎಂಬ ಕಾನೂನು ಅದೇ ನೆಲದಲ್ಲಿ 1994ರಿಂದ ಇತ್ತು! ಅದಕ್ಕೆ ಹೆದರಿ ಎರಡಕ್ಕೇ ನಿಲ್ಲಿಸಿ, ವರ್ಷಗಟ್ಟಲೆ ಪಂಚಾಯ್ತಿ ಟಿಕೆಟ್ಟಿಗೆ ಕಾದ ಮನುಷ್ಯನನ್ನು ನೆನೆದು ನನಗೆ ಅಳು ಬರುತ್ತದೆ. ಅದೇ ತಿಂಗಳು ಸ್ಟಾಲಿನ್ ಚೆನ್ನೈನ ಸಾಮೂಹಿಕ ಮದುವೆಯಲ್ಲಿ, ಕ್ಷೇತ್ರ ಪುನರ್ವಿಂಗಡಣೆ ನೋಡಿದರೆ 16 ಮಕ್ಕಳನ್ನು ಯಾಕೆ ಹೆರಬಾರದು ಅನ್ನಿಸುತ್ತದೆ ಎಂದರು. ಡಿಸೆಂಬರ್‌ನಲ್ಲಿ ಮೋಹನ್ ಭಾಗವತ್ ನಾಗಪುರದಿಂದ ಕನಿಷ್ಠ ಮೂರು ಎಂದರು. ಥೇಟ್ ಹರಾಜು ಕಟ್ಟೆ. ಕೂಗಿದವರಲ್ಲಿ ಒಬ್ಬರಾದರೂ ಹೆರುವವರಿಲ್ಲ.

ಗಾಬರಿಗೆ ಕಾರಣ ಗೊತ್ತಿರುವುದೇ. ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸೀಟು ಎಂಬ ಲೆಕ್ಕ 1971ರ ಜನಗಣತಿಯಲ್ಲೇ ನಿಂತಿದೆ. 1976ರಲ್ಲಿ ಅದಕ್ಕೆ ಬೀಗ ಹಾಕಿದರು, ಆಮೇಲೆ 2026ರ ತನಕ ಮುಂದೂಡಿದರು. ಈ ನಡುವೆ ಸರ್ಕಾರ ಹೇಳಿದ ಮಾತು ಕೇಳಿ ದಕ್ಷಿಣದವರು ಮಕ್ಕಳನ್ನು ಕಡಿಮೆ ಮಾಡಿಕೊಂಡರು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಬ್ಬ ಹೆಂಗಸಿಗೆ ಕರ್ನಾಟಕದಲ್ಲಿ 1.7 ಮಕ್ಕಳು, ಆಂಧ್ರದಲ್ಲಿ 1.7, ಬಿಹಾರದಲ್ಲಿ 3.0. ಈಗ ತಲೆ ಎಣಿಸಿ ಸೀಟು ಹಂಚುತ್ತೇವೆ ಎಂದರೆ, ಮಾತು ಕೇಳಿದವರಿಗೇ ನಷ್ಟ.

ಈ ವಿಷಯದಲ್ಲಿ ಅನುಭವ ಇರುವವರನ್ನು ಕೇಳೋಣ ಅಂತ ನಾನು ಪುರಾಣಗಳ ಮೊರೆ ಹೋದೆ. ಸಾವಿರಾರು ವರ್ಷ ಬದುಕುವವರ ಮನೆಯಲ್ಲಿ ಜನಸಂಖ್ಯೆ ಏನಾಗಿರುತ್ತದೆ ಅಂತ ನಿಮಗೂ ಕುತೂಹಲ ಅಲ್ವಾ?

ದೇವಲೋಕದ ಪರಿಸ್ಥಿತಿ ನಮಗಿಂತ ಕಡೆ. ರಾಮಾಯಣದ ಬಾಲಕಾಂಡ ತೆಗೆದು ನೋಡಿ. ಶಿವ ಪಾರ್ವತಿಯರ ಏಕಾಂತಕ್ಕೆ ದೇವತೆಗಳು ಅಡ್ಡ ಬಂದರು. ಸಿಟ್ಟಾದ ಪಾರ್ವತಿ, ನಿಮ್ಮ ಹೆಂಡತಿಯರಿಗೆ ಇನ್ನು ಮಕ್ಕಳೇ ಆಗದಿರಲಿ ಎಂದು ಶಾಪ ಕೊಟ್ಟಳು. ಅಲ್ಲಿಗೆ ದೇವಲೋಕದ ಜನನ ಪ್ರಮಾಣ ಸೊನ್ನೆ. ವೇದದ ಕಾಲದಲ್ಲಿ 33 ಇದ್ದವರು ಆಮೇಲೆ 33 ಕೋಟಿ ಹೇಗಾದರು ಅಂತ ಕೇಳಬೇಡಿ. ಅದು ಹೆರಿಗೆ ವಾರ್ಡಿನಲ್ಲಿ ಆದದ್ದಲ್ಲ, ಮತದಾರರ ಪಟ್ಟಿಯಲ್ಲಿ ಆದದ್ದು.

ಎದುರಾಳಿ ಪಕ್ಷದಲ್ಲೋ ಶುಕ್ರಾಚಾರ್ಯರ ಸಂಜೀವಿನಿ. ಸತ್ತ ಅಸುರ ಸಂಜೆಗೆ ಎದ್ದು ಕೂರುತ್ತಿದ್ದ. ರಕ್ತಬೀಜನಂಥವನು ಇನ್ನೂ ಮುಂದೆ, ನೆಲಕ್ಕೆ ಬಿದ್ದ ಹನಿ ಹನಿಗೂ ಒಬ್ಬೊಬ್ಬ ರಕ್ತಬೀಜ. ಹೀಗಿದ್ದರೂ ಇಂದ್ರ ಯಾವ ದೇವಪತ್ನಿಗೂ ಹಸು ಕೊಡಲಿಲ್ಲ, ಕಾಮಧೇನು ಕೈಯಳತೆಯಲ್ಲೇ ಇದ್ದರೂ. ಸಮುದ್ರ ಕಡೆಸಿ ಅಮೃತ ತೆಗೆಸಿದ. ಹುಟ್ಟುವವರು ಇಲ್ಲದಿದ್ದರೆ ಬೇಡ, ಇರುವವರು ಸಾಯದಿದ್ದರೆ ಸಾಕು. ಅಂದಹಾಗೆ ಇಂದ್ರ ಎನ್ನುವುದು ಹುದ್ದೆ. ಅವಧಿ ಒಂದು ಮನ್ವಂತರ, ಅಂದರೆ 30 ಕೋಟಿ ವರ್ಷದ ಮೇಲೆ. ಮುಂದಿನ ಇಂದ್ರ ಬಲಿ ಚಕ್ರವರ್ತಿ ಅಂತ ಈಗಲೇ ತೀರ್ಮಾನವಾಗಿದೆ, ಅವನು ಸುತಲದಲ್ಲಿ ತೆಪ್ಪಗೆ ಕಾಯುತ್ತಿದ್ದಾನೆ. ಕುರ್ಚಿ ಬಿಟ್ಟುಕೊಡುವ ಒಪ್ಪಂದ ಆಗಿದೆಯೋ ಇಲ್ಲವೋ ಅಂತ ದಿನಾ ಟಿವಿಯಲ್ಲಿ ಚರ್ಚೆ ಇಲ್ಲ. ದಿಲ್ಲಿಗೆ ಓಡಾಟವೂ ಇಲ್ಲ.

ಮಕ್ಕಳು ಜಾಸ್ತಿ ಬೇಕು ಎಂದು ಹಟ ಹಿಡಿದವನೆಂದರೆ ದಕ್ಷ. ವಿಷ್ಣುಪುರಾಣದ ಪ್ರಕಾರ 5,000 ಗಂಡು ಮಕ್ಕಳನ್ನು ಹುಟ್ಟಿಸಿ, ಹೋಗಿ ಸಂತಾನ ಬೆಳೆಸಿ ಅಂತ ಕಳಿಸಿದ. ದಾರಿಯಲ್ಲಿ ನಾರದ ಸಿಕ್ಕ. ಭೂಮಿ ಎಷ್ಟು ದೊಡ್ಡದು ಅಂತಲೇ ಗೊತ್ತಿಲ್ಲ, ಸಂಸಾರ ಹೂಡೋಕೆ ಹೊರಟಿದ್ದೀರಲ್ಲ, ಮೊದಲು ಸುತ್ತಿ ಬನ್ನಿ ಎಂದ. ಹೊರಟರು. ಸಮುದ್ರ ಸೇರಿದ ನದಿಗಳ ಹಾಗೆ ಅವರು ಇವತ್ತಿನ ತನಕ ವಾಪಸ್ ಬಂದಿಲ್ಲ ಎನ್ನುತ್ತದೆ ಪುರಾಣ. ದಕ್ಷ ಬಿಡಲಿಲ್ಲ, ಇನ್ನೂ 1,000 ಮಕ್ಕಳನ್ನು ಹುಟ್ಟಿಸಿದ. ನಾರದ ಮತ್ತೆ ಸಿಕ್ಕ. ಅವರೂ ಹೋದರು. ಪ್ರಪಂಚದ ಮೊದಲ ವಿದೇಶಿ ಶಿಕ್ಷಣ ಸಲಹೆಗಾರ ನಾರದನೇ ಇರಬೇಕು. ಜಯನಗರ, ಮಲ್ಲೇಶ್ವರದಲ್ಲಿ ಮನೆ ತುಂಬ ಬಾಡಿಗೆಗೆ ಕೊಟ್ಟು, ಮೇಲಿನ ಮಹಡಿಯಲ್ಲಿ ವಾಟ್ಸಾಪ್ ವಿಡಿಯೋ ಕಾಲ್‌ಗೆ ಕಾಯುವ ಹಿರಿಯರಿಗೆ ದಕ್ಷನ ಸಂಕಟ ಬಿಡಿಸಿ ಹೇಳಬೇಕಿಲ್ಲ. ಅವರ ಮಕ್ಕಳೂ ಭೂಮಿಯ ಅಳತೆ ನೋಡಿ ಬರ್ತೀವಿ ಅಂತಲೇ ಹೋದದ್ದು. ಕೊನೆಗೆ ದಕ್ಷನ ವಂಶ ಬೆಳೆದದ್ದು ಗಂಡು ಮಕ್ಕಳಿಂದಲ್ಲ, 60 ಹೆಣ್ಣು ಮಕ್ಕಳಿಂದ. ಅದರಲ್ಲಿ 27 ಜನರನ್ನು ಚಂದ್ರನೊಬ್ಬನಿಗೇ ಕೊಟ್ಟ, ಆ ಕತೆ ಬೇಡ.

ಜನ ಹೆಚ್ಚಾದಾಗಿನ ಫಜೀತಿಯೂ ದಾಖಲಾಗಿದೆ. ಮಹಾಭಾರತದ ವನಪರ್ವದಲ್ಲಿ ಯಾರೂ ಸಾಯದೆ ಎಲ್ಲರೂ ಹುಟ್ಟುತ್ತಲೇ ಇದ್ದ ಕಾಲವೊಂದು ಬರುತ್ತದೆ. ಭಾರಕ್ಕೆ ಭೂಮಿ ನೂರು ಯೋಜನ ಕೆಳಗೆ ಕುಸಿಯಿತಂತೆ. ವಿಷ್ಣು ಹಂದಿಯ ರೂಪದಲ್ಲಿ ಬಂದು ಎತ್ತಬೇಕಾಯಿತು. ದ್ರೋಣಪರ್ವದಲ್ಲಿ ಬ್ರಹ್ಮನಿಗೇ ತಾನು ಹುಟ್ಟಿಸಿದ್ದು ಜಾಸ್ತಿಯಾಯಿತು ಅನ್ನಿಸುತ್ತದೆ. ಮೃತ್ಯು ಎಂಬ ಹೆಣ್ಣನ್ನು ಸೃಷ್ಟಿಸಿ, ಹೋಗಿ ಕಡಿಮೆ ಮಾಡು ಅನ್ನುತ್ತಾನೆ. ಅವಳು ಅಳುತ್ತಾಳೆ. ನನ್ನ ಕೈಲಾಗದು ಅಂತ ಎಷ್ಟೋ ಕಾಲ ತಪಸ್ಸು ಮಾಡುತ್ತಾಳೆ. ಬ್ರಹ್ಮ ಒಪ್ಪುವುದಿಲ್ಲ. ಅವಳ ಕಣ್ಣೀರೇ ರೋಗಗಳಾಗಿ, ಆ ಕೆಲಸ ಕೊನೆಗೂ ಅವಳ ತಲೆಗೇ ಬೀಳುತ್ತದೆ.

ಇದನ್ನು ಓದುವಾಗ ನನಗೆ ಆಶಾ ಕಾರ್ಯಕರ್ತೆಯರು ನೆನಪಾದರು. ಮೇಲಿನವರು ನೀತಿ ಬದಲಿಸುತ್ತಾರೆ, ಮನೆ ಮನೆ ಬಾಗಿಲು ತಟ್ಟುವವಳು ಅವಳು. ಎರಡು ಸಾಕು ಆಪರೇಷನ್ ಮಾಡಿಸಮ್ಮ ಎಂದು ಹೇಳಿಸಿದ್ದು ಅವಳ ಬಾಯಲ್ಲೇ. ನಾಳೆ ಇನ್ನೊಂದು ಮಾಡ್ಕೊಳಮ್ಮ ಎಂದು ಹೇಳಿಸುವುದೂ ಅವಳ ಬಾಯಲ್ಲೇ. 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು ಗೌರವಧನ ಹೆಚ್ಚಿಸಿ ಎಂದು ಅವಳು ಕೇಳಿದಾಗ ಮಾತ್ರ ಯಾರಿಗೂ ಜನಸಂಖ್ಯೆಯ ಚಿಂತೆ ಇರಲಿಲ್ಲ.

ನಗಿಸಬೇಕು ಅಂತಲೇ ಕೂತಿದ್ದೆ. ಆಗುತ್ತಿಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಚಿಕಿತ್ಸೆ ಮಾಡಿದರು. ಬಸ್ ಸ್ಟ್ಯಾಂಡಿನಿಂದ ಎಳೆದುಕೊಂಡು ಹೋದರು. 2014ರ ನವೆಂಬರ್‌ನಲ್ಲಿ ಬಿಲಾಸಪುರದ ಶಿಬಿರದಲ್ಲಿ ಒಬ್ಬ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಇಡೀ ದೇಶದಲ್ಲಿ ಕುಟುಂಬ ಯೋಜನೆ ಎಂದರೆ ಹೆಂಗಸಿನ ಹೊಟ್ಟೆಗೆ ಕತ್ತರಿ ಅಂತಲೇ ಅರ್ಥ. ಅದೇ ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರ ಆಪರೇಷನ್ ಶೇ 37.9, ಗಂಡಸರದು ಶೇ 0.3. ಈಗ ಅದೇ ಹೊಟ್ಟೆಗೆ ಹೊಸ ಆದೇಶ. ಹೊಸ ಆದೇಶದ ಜೊತೆ ಏನು ಕೊಡುತ್ತೀರಿ ಅಂತ ಕೇಳಿ. ಕೇಂದ್ರದ ಕಾನೂನಿನಲ್ಲಿ ಮೊದಲ ಎರಡು ಹೆರಿಗೆಗೆ 26 ವಾರ ರಜೆ, ಮೂರನೆಯದಕ್ಕೆ 12 ವಾರ. ಮಾತೃ ವಂದನಾ ಯೋಜನೆಯ ದುಡ್ಡು ಮೊದಲ ಮಗುವಿಗೆ, ಎರಡನೆಯದು ಹೆಣ್ಣಾದರೆ ಅದಕ್ಕೆ. ಮೂರನೆಯದಕ್ಕೆ ವಂದನೆಯೂ ಇಲ್ಲ. ಭಾಷಣದಲ್ಲಿ ಮೂರು, ಕಾನೂನಿನಲ್ಲಿ ಎರಡು. ನಾಚಿಕೆ ಬೇಡವಾ?

ಸರಿ, ಕದ್ರು ವಿನತೆಯರ ಕತೆಗೆ ಬರೋಣ. ಇಬ್ಬರೂ ಕಶ್ಯಪನ ಹೆಂಡತಿಯರು. ವರ ಕೇಳಿ ಎಂದಾಗ ಕದ್ರು ಸಾವಿರ ಮಕ್ಕಳನ್ನು ಕೇಳಿದಳು. ವಿನತೆ, ನನಗೆ ಇಬ್ಬರೇ ಸಾಕು, ಆದರೆ ಅವಳ ಸಾವಿರಕ್ಕಿಂತ ಮೇಲಾಗಿರಬೇಕು ಎಂದಳು. ನಾವಿಬ್ಬರು ನಮಗಿಬ್ಬರು ಎಂದು ಗೋಡೆ ಮೇಲೆ ಬರೆಯುವ ಎಷ್ಟೋ ಯುಗ ಮೊದಲು. 1930ರಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದ ಮೈಸೂರು ಸಂಸ್ಥಾನಕ್ಕೆ ಇವಳೇ ಮನೆದೇವರಾಗಬೇಕಿತ್ತು. 500 ವರ್ಷ ಕಳೆದಾಗ ಕದ್ರುವಿನ ಮೊಟ್ಟೆಗಳೆಲ್ಲ ಒಡೆದು ಮನೆ ತುಂಬ ಹಾವು. ವಿನತೆಯ ಎರಡೂ ಮೊಟ್ಟೆ ಹಾಗೇ ಇದ್ದವು. ಆಚೆ ಮನೆಯ ಸಂಖ್ಯೆ ನೋಡಿ ನಾಚಿ, ತಡೆಯಲಾರದೆ ಒಂದನ್ನು ಒಡೆದೇಬಿಟ್ಟಳು. ಒಳಗೆ ಅರುಣ, ಅರ್ಧ ಮೈ ಮಾತ್ರ ಬೆಳೆದಿತ್ತು. ಹೊಟ್ಟೆಕಿಚ್ಚಿಗೆ ನನ್ನನ್ನು ಹೀಗೆ ಮಾಡಿದೆ, ಆ ಸವತಿಗೇ ದಾಸಿಯಾಗು ಎಂದು ಅಮ್ಮನಿಗೇ ಶಪಿಸಿದ. ಈಗ ದಕ್ಷಿಣದ ಮುಖಂಡರೆಲ್ಲ ಕೈಯಲ್ಲಿ ಸುತ್ತಿಗೆ ಹಿಡಿದು ಮೊಟ್ಟೆಯ ಮುಂದೆ ನಿಂತಿದ್ದಾರೆ. ಸೀಟಿನ ಲೆಕ್ಕದ ಅನ್ಯಾಯಕ್ಕೆ ಸಂಸತ್ತಿನಲ್ಲಿ ಜಗಳ ಆಡಿ ಸ್ವಾಮಿ, ಬೆಡ್‌ರೂಮಿನಲ್ಲಿ ಯಾಕೆ?

ಮುದುಕರು ಜಾಸ್ತಿಯಾದರೆ ನೋಡಿಕೊಳ್ಳುವವರು ಬೇಕಲ್ಲ ಎನ್ನುತ್ತಾರೆ. ಈ ವಾದವನ್ನು ನೇರವಾಗಿ ಆಡಿದವನು ಯಯಾತಿ. ಐದು ಮಕ್ಕಳನ್ನು ನಿಲ್ಲಿಸಿಕೊಂಡು, ನಿಮ್ಮ ಪ್ರಾಯ ಕೊಡಿ, ನನ್ನ ಮುಪ್ಪು ತಗೊಳ್ಳಿ ಎಂದ. ನಾಲ್ವರು ಆಗಲ್ಲ ಎಂದರು, ಕಿರಿಯವನು ಸಿಕ್ಕಿಬಿದ್ದ. ನಮ್ಮವರಿಗೆ ಅಷ್ಟು ಧೈರ್ಯವೂ ಇಲ್ಲ, ಇನ್ನೂ ಹುಟ್ಟದ ಮಗುವಿನ ಹತ್ತಿರ ಕೇಳುತ್ತಿದ್ದಾರೆ.

ತಂತ್ರಜ್ಞಾನದ ಕೊರತೆಯಂತೂ ಇಲ್ಲ. 2019ರಲ್ಲಿ ಜಲಂಧರದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಆಂಧ್ರ ವಿಶ್ವವಿದ್ಯಾಲಯದ ಆಗಿನ ಕುಲಪತಿಗಳೇ, ಕೌರವರು ಟೆಸ್ಟ್ ಟ್ಯೂಬ್ ಶಿಶುಗಳು ಎಂದಿದ್ದರು. ತುಪ್ಪದ ಕೊಡ ಇದ್ದರೆ ಆಯಿತು. ಆದರೆ ಗಾಂಧಾರಿ ಎರಡು ವರ್ಷ ಬಸುರಿಯಾಗಿದ್ದು, ಕುಂತಿಗೆ ಮಗ ಹುಟ್ಟಿದ ಸುದ್ದಿ ಕೇಳಿ ತನ್ನ ಹೊಟ್ಟೆಯನ್ನು ತಾನೇ ಗುದ್ದಿಕೊಂಡಳು ಎಂಬುದನ್ನು ಆ ಭಾಷಣದಲ್ಲಿ ಯಾಕೋ ಸೇರಿಸಲಿಲ್ಲ.

ಕುಂತಿ ಮಾತ್ರ ಜಾಣೆ. ಧರ್ಮರಾಯ, ಭೀಮ, ಅರ್ಜುನ ಆದ ಮೇಲೆ ಪಾಂಡು ಇನ್ನೂ ಒಂದು ಎಂದ. ಆಪತ್ಕಾಲದಲ್ಲೂ ನಾಲ್ಕನೆಯ ಹೆರಿಗೆಯನ್ನು ತಿಳಿದವರು ಒಪ್ಪುವುದಿಲ್ಲ, ಧರ್ಮ ಗೊತ್ತಿದ್ದೂ ಹೀಗೆ ಕೇಳ್ತೀಯಲ್ಲ ಎಂದು ಅವಳು ಬಾಯಿ ಮುಚ್ಚಿಸಿದಳು. ಮಾದ್ರಿಗೆ ಒಂದು ಸಲ ಮಂತ್ರ ಕೊಟ್ಟಳು, ಅವಳಿ ಹುಟ್ಟಿದವು. ಪಾಂಡು ಮತ್ತೆ ಅರ್ಜಿ ಹಿಡಿದು ಬಂದ, ಮಾದ್ರಿಗೆ ಇನ್ನೊಂದು ಸಲ ಅಂತ. ಒಂದು ಕೇಳಿ ಎರಡು ತಗೊಂಡು ನನಗೆ ಮೋಸ ಮಾಡಿದ್ದಾಳೆ, ಇನ್ನು ಈ ಮಾತೇ ಬೇಡ ಎಂದಳು ಕುಂತಿ. ಪಾಂಡು ಅದಕ್ಕೆ ಪತ್ರಿಕಾಗೋಷ್ಠಿ ಕರೆದ ದಾಖಲೆ ಆದಿಪರ್ವದಲ್ಲೆಲ್ಲೂ ಇಲ್ಲ.