ಹೋಮ್ ಕೋರ್ಟನ್ನ ದುಡ್ಡು ಕೊಟ್ಟು ಕೊಂಡ್ಕೊಳ್ಳೋದು ನಿಲ್ಬೇಕು

ನವೆಂಬರ್ ಬಂತು ಅಂದ್ರೆ ಅಮೆರಿಕಾದಲ್ಲಿ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಶುರು, ಜೊತೆಗೆ ಆಫೀಸಲ್ಲಿ ಅದೇ ಹಳೇ ವಾದಾನೂ ಶುರು. ರಿಂಗ್ ಎಲ್ಲಾ ಕಡೆ ಹತ್ತಡಿ ಎತ್ತರಾನೇ, ಫೌಲ್ ಆದಾಗ ಒಬ್ಬನೇ ನಿಂತು ಎಸೆಯೋ ಫ್ರೀ ಥ್ರೋ ಲೈನ್ ಎಲ್ಲಾ ಕಡೆ ಹದಿನೈದಡಿ ದೂರಾನೇ, ಚೆನ್ನಾಗಿ ಆಡೋರು ಎಲ್ಲಿ ಆಡಿದ್ರೂ ಗೆಲ್ತಾರೆ, ಹೋಮ್ ಕೋರ್ಟ್, ಅಂದ್ರೆ ಸ್ವಂತ ಅಂಗಳದಲ್ಲಿ ಆಡೋದು, ಲಾಭಾನೇ ಅಲ್ಲ ಅಂತಾರೆ. ನಾನು ಒಪ್ಪೋದೇ ಇಲ್ಲ. ನಾವಿರೋದು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ, ಕನ್ನಡದೋರು ಬೇಕಾದಷ್ಟು ಜನ ಇದೀವಿ ಇಲ್ಲಿ, ಒಂದು ಕಡೆ ಡ್ಯೂಕ್ ಯೂನಿವರ್ಸಿಟಿ ಇನ್ನೊಂದು ಕಡೆ ಚಾಪಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿ, ಮಕ್ಕಳಿಗೆ ಕಡು ನೀಲಿ ಟೀ ಶರ್ಟಾ ತಿಳಿ ನೀಲಿದಾ ಅನ್ನೋದೇ ಮನೆಮನೇಲಿ ಜಗಳ.

ಡ್ಯೂಕ್‌ನ ಕ್ಯಾಮರನ್ ಇಂಡೋರ್ ಸ್ಟೇಡಿಯಂ 1940ರದ್ದು, ಸೀಟು ಬರೀ 9,314. ಚಾಪಲ್ ಹಿಲ್‌ನ ಡೀನ್ ಸ್ಮಿತ್ ಸೆಂಟರ್‌ನಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ ಜನ ಕೂರಬಹುದು. ಆದ್ರೂ ನನ್ನ ಕೇಳಿದ್ರೆ ಹೊರಗಿನ ಟೀಮ್‌ಗೆ ಕಷ್ಟ ಕ್ಯಾಮರನ್ನೇ, ಯಾಕಂದ್ರೆ ಅಲ್ಲಿ ಸ್ಟೂಡೆಂಟ್ಸು ಕೋರ್ಟ್‌ಗೆ ಅಂಟಿಕೊಂಡೇ ನಿಂತಿರ್ತಾರೆ, ಪೂರ್ತಿ ಮ್ಯಾಚ್ ನಿಂತೇ ಇರ್ತಾರೆ. ಫ್ರೆಂಡ್ ಒಬ್ರ ಟಿಕೆಟ್ ಸಿಕ್ಕಿ ಒಳಗೆ ಹೋದಾಗ ನಾನು ನೋಡಿದ್ದು ಇದು: ಎದುರಾಳಿ ಹುಡುಗ ಸೈಡ್‌ಲೈನ್ ಆಚೆ ನಿಂತಿದಾನೆ, ಬಾಲ್ ಒಳಗೆ ಕೊಡೋಕೆ ಅವನಿಗಿರೋದು ಐದೇ ಸೆಕೆಂಡು, ಬೆನ್ನ ಹಿಂದೆ ಮುಖಕ್ಕೆ ನೀಲಿ ಬಳ್ಕೊಂಡ ಒಂದು ಸಾಲು ಹುಡುಗ್ರು ಕೈ ಚಾಚಿ ಬೆರಳು ಆಡಿಸ್ತಾ ಒಂದೇ ಸಮನೆ ಕೂಗ್ತಿದಾರೆ, ಅವರ ಬೆರಳಿಗೂ ಅವನ ಜೆರ್ಸಿಗೂ ಮಧ್ಯೆ ಒಂದು ಗೇಣು ಜಾಗ ಇಲ್ಲ. ಅವನ ಕೋಚ್ ಬಾಯಿ ಬಡ್ಕೊಳ್ತಿದಾರೆ, ಏನೂ ಕೇಳಿಸ್ತಿಲ್ಲ. ಆ ಹುಡುಗನಿಗೆ ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಬಸ್ಸಲ್ಲೋ ಫ್ಲೈಟಲ್ಲೋ ಬಂದು ಹೋಟೆಲಲ್ಲಿ ಮಲಗಿ ಎದ್ದು ಬಂದವನು, ನಾಳೆ ವಾಪಸ್ ಹೋಗಿ ಕ್ಲಾಸಿಗೆ ಕೂರಬೇಕು. ರಿಂಗ್ ಹತ್ತಡೀಲಿದ್ರೆ ಇದೆಲ್ಲಾ ಮಾಯ ಆಗ್ಬಿಡುತ್ತಾ? ರೆಫ್ರಿಗಳೂ ಮನುಷ್ಯರೇ, ಒಂಬತ್ತು ಸಾವಿರ ಜನ ಒಟ್ಟಿಗೆ ಫೌಲ್ ಅಂತ ಕಿರುಚಿದಾಗ ಕೈ ತಾನಾಗೇ ವಿಶಲ್ ಕಡೆ ಹೋಗುತ್ತೆ.

ಕ್ಯಾನ್ಸಸ್ ಯೂನಿವರ್ಸಿಟಿಯ ಅಲೆನ್ ಫೀಲ್ಡ್‌ಹೌಸ್ ಸ್ಟೇಡಿಯಂನಲ್ಲಿ 2017ರ ಫೆಬ್ರವರಿ 13ಕ್ಕೆ ಜನರ ಗದ್ದಲ 130.4 ಡೆಸಿಬಲ್ ಮುಟ್ಟಿ ಗಿನ್ನೆಸ್ ದಾಖಲೆ ಆಯ್ತು. ಅದೇ ರಾತ್ರಿ ವೆಸ್ಟ್ ವರ್ಜೀನಿಯಾ ಕೊನೇ ಮೂರು ನಿಮಿಷಕ್ಕೆ 14 ಪಾಯಿಂಟ್ ಮುಂದಿತ್ತು, ಆದ್ರೂ ಓವರ್‌ಟೈಮಲ್ಲಿ ಕ್ಯಾನ್ಸಸ್ 84-80ಕ್ಕೆ ಗೆಲ್ತು. ಇನ್ನು ಅರಿಜೋನಾ ಸ್ಟೇಟ್‌ನವರು ರಿಂಗ್ ಹಿಂದೆ ಒಂದು ಪರದೆ ಕಟ್ಟಿರ್ತಾರೆ, ಎದುರಾಳಿ ಫ್ರೀ ಥ್ರೋಗೆ ನಿಂತಾಗ ಪರದೆ ಸರಿಸಿ ಯಾರೋ ವೇಷ ಹಾಕಿ ಕುಣೀತಾರೆ. 2016ರಲ್ಲಿ ಅಲ್ಲಿಂದ ಈಜುಚಡ್ಡಿ ಹಾಕ್ಕೊಂಡು ಸಾಕ್ಷಾತ್ ಒಲಿಂಪಿಕ್ ಈಜುಗಾರ ಮೈಕೆಲ್ ಫೆಲ್ಪ್ಸೇ ಹೊರಗೆ ಬಂದಿದ್ರು, ಒರೆಗಾನ್ ಸ್ಟೇಟ್ ಹುಡುಗ ಎರಡೂ ಮಿಸ್ ಮಾಡ್ದ.

ಇದು ನನ್ನೊಬ್ಬನ ಭಾವನೆ ಅನ್ನೋರು ಕಾಲೇಜ್ ಆಟಗಳನ್ನ ನಡೆಸೋ ಸಂಸ್ಥೆ ಎನ್‌ಸಿಎಎ ಲೆಕ್ಕಾನೇ ನೋಡ್ಲಿ. ಸೀಸನ್ ಕೊನೇಲಿ ನಡೆಯೋ ರಾಷ್ಟ್ರೀಯ ಚಾಂಪಿಯನ್‌ಶಿಪ್, ಅಂದ್ರೆ ಮಾರ್ಚ್ ಟೂರ್ನಮೆಂಟ್‌ಗೆ ಟೀಮ್ ಆರಿಸುವಾಗ ಅವರು ಗೆಲುವುಗಳನ್ನ ನಾಲ್ಕು ದರ್ಜೆ ಮಾಡ್ತಾರೆ. ಮೊದಲ ದರ್ಜೆ ಗೆಲುವು ಅನ್ನಿಸ್ಕೋಬೇಕಂದ್ರೆ ನಿಮ್ಮ ಮನೇಲಿ ಆಡಿದ್ರೆ 30ರೊಳಗಿನ ರ‍್ಯಾಂಕ್ ಟೀಮನ್ನ ಸೋಲಿಸಬೇಕು, ಎದುರಾಳಿ ಮನೆಗೆ ಹೋಗಿ ಆಡಿದ್ರೆ 75ರೊಳಗಿದ್ರೆ ಸಾಕು. ಅಂದ್ರೆ 75ನೇ ಟೀಮು ಅದರ ಮನೇಲಿ 30ನೇ ಟೀಮಿನಷ್ಟು ಗಟ್ಟಿ ಅಂತ ಎನ್‌ಸಿಎಎನೇ ಬರೆದುಕೊಟ್ಟ ಹಾಗಲ್ವಾ.

ನನಗೆ ಹೊಟ್ಟೆ ಉರಿಯೋದು ಇಲ್ಲೇ. ಇದು ಇಷ್ಟು ದೊಡ್ಡ ಲಾಭ ಅಂತ ಗೊತ್ತಿರೋದ್ರಿಂದಾನೇ ದೊಡ್ಡ ಕಾಲೇಜುಗಳು ಅದನ್ನ ಕೊಂಡ್ಕೊಳ್ತಾವೆ. ನವೆಂಬರ್ ಡಿಸೆಂಬರಲ್ಲಿ ಸಣ್ಣ ಕಾಲೇಜಿಗೆ ಲಕ್ಷ ಡಾಲರ್ ಆಸುಪಾಸು ಕೊಟ್ಟು ನಮ್ಮಲ್ಲಿಗೆ ಬಂದು ಆಡಿ ಅಂತಾರೆ, ತಾವು ಮಾತ್ರ ವಾಪಸ್ ಹೋಗಲ್ಲ. ಸಣ್ಣ ಕಾಲೇಜಿಗೆ ಆ ದುಡ್ಡಿಲ್ದೆ ಸ್ಪೋರ್ಟ್ಸ್ ಖರ್ಚು ನಡಿಯಲ್ಲ, ಹಾಗಾಗಿ ಸೀಸನ್ನಿನ ಮೊದಲರ್ಧ ಪೂರ್ತಿ ಊರೂರು ಅಲೀತಾ ಸೋಲ್ತಾ ಇರ್ತಾರೆ. ಆಮೇಲೆ ಮಾರ್ಚಲ್ಲಿ ನಿಮ್ಮ ರೆಕಾರ್ಡ್ ಸರಿಯಿಲ್ಲ ಅಂತ ಅವರನ್ನೇ ಹೊರಗಿಡ್ತಾರೆ.

2019ರಲ್ಲಿ ಸ್ಟೀಫನ್ ಎಫ್ ಆಸ್ಟಿನ್ ಅನ್ನೋ ಟೆಕ್ಸಸ್ ಕಾಲೇಜು ಕ್ಯಾಮರನ್‌ಗೇ ಬಂದು ನಂಬರ್ ಒನ್ ಡ್ಯೂಕನ್ನ 85-83ಕ್ಕೆ ಸೋಲಿಸ್ತಲ್ಲಾ ಅಂತ ಕೇಳ್ತಾರೆ. ನಿಜ, ಅವತ್ತು ನಾನೂ ಕುಣಿದಾಡಿದ್ದೆ. ಆದ್ರೆ ಅದಕ್ಕಿಂತ ಮುಂಚೆ ತನ್ನ ಕಾನ್ಫರೆನ್ಸ್ (ತಮ್ಮತಮ್ಮಲ್ಲೇ ಲೀಗ್ ಆಡೋ ಕಾಲೇಜುಗಳ ಗುಂಪು) ಬಿಟ್ಟು ಹೊರಗಿನ ಟೀಮ್‌ಗಳ ಮೇಲೆ ಡ್ಯೂಕ್ ತನ್ನ ಮನೇಲಿ ಸತತ 150 ಮ್ಯಾಚ್ ಗೆದ್ದಿತ್ತು, ಅದನ್ನ ಯಾಕೆ ಹೇಳಲ್ಲ?

ದೊಡ್ಡವರು ಸಣ್ಣ ಜಿಮ್‌ಗೆ ಹೋದ್ರೆ ಏನಾಗುತ್ತೆ ಅಂತ 2022ರ ನವೆಂಬರಲ್ಲಿ ಎಲ್ರೂ ನೋಡಿದ್ರು. ಪಶ್ಚಿಮದ ಪ್ಯಾಕ್-12 ಕಾನ್ಫರೆನ್ಸಿನ ಕಾಲೇಜುಗಳು ಕಪ್ಪು ವರ್ಣೀಯರಿಗಾಗಿ ಶುರುವಾದ ಸ್ವ್ಯಾಕ್ ಕಾನ್ಫರೆನ್ಸಿನ ಕಾಲೇಜುಗಳ ಜೊತೆ ಒಪ್ಪಂದ ಮಾಡ್ಕೊಂಡು ಒಂದ್ಸಲ ನೀವು ಬನ್ನಿ, ಒಂದ್ಸಲ ನಾವು ಬರ್ತೀವಿ ಅಂದ್ರು. ಕೊಲರಾಡೊ ಗ್ರ್ಯಾಂಬ್ಲಿಂಗ್‌ಗೆ ಹೋಗಿ 83-74ಕ್ಕೆ ಸೋತು ಬಂತು, ಎರಡೇ ದಿನಕ್ಕೆ ಅದೇ ಕೊಲರಾಡೊ 11ನೇ ರ‍್ಯಾಂಕಿನ ಟೆನೆಸಿಯನ್ನ ಸೋಲಿಸ್ತು, ಅಂದ್ರೆ ಟೀಮೇನು ಕಳಪೆ ಅಲ್ಲ. ವಾಷಿಂಗ್ಟನ್ ಸ್ಟೇಟ್ ಪ್ರೇರಿ ವ್ಯೂನಲ್ಲಿ ಸೋಲ್ತು. ಆ ಪರದೆ ಕಟ್ಟೋ ಅರಿಜೋನಾ ಸ್ಟೇಟ್, ಹ್ಯೂಸ್ಟನ್‌ನ ಟೆಕ್ಸಸ್ ಸದರ್ನ್ ಮನೇಲಿ ಓವರ್‌ಟೈಮ್‌ಗೆ ಹೋಗಿ ಒಂದು ಪಾಯಿಂಟಲ್ಲಿ ಸೋಲ್ತು, ಆಮೇಲೆ ಅದೇ ಟೀಮು ಮಾರ್ಚ್ ಟೂರ್ನಮೆಂಟೂ ಆಡ್ತು. ಒಂದೇ ವಾರದೊಳಗೆ ಮೂರು! ಆ ಪ್ಯಾಕ್-12 ಕಾನ್ಫರೆನ್ಸೇ 2024ರಲ್ಲಿ ಒಡೆದುಹೋಯ್ತು, ನನಗೆ ತುಂಬಾ ಬೇಜಾರಾಗಿದ್ದು ಅದಕ್ಕೇ.

ಹೋದ್ರೆ ಸೋಲ್ತೀವಿ, ರ‍್ಯಾಂಕಿಂಗ್ ಕೆಡುತ್ತೆ, ಒಂದು ಹೋಮ್ ಮ್ಯಾಚಿನ ಕಲೆಕ್ಷನ್ ಹೋಗುತ್ತೆ ಅನ್ನೋದು ದೊಡ್ಡ ಕಾಲೇಜುಗಳ ಅಳಲು. ಕಲೆಕ್ಷನ್ ಮಾತು ಒಪ್ತೀನಿ, ಆದ್ರೆ ಟಿವಿಯಿಂದ ಕೋಟಿಗಟ್ಟಲೆ ಬರೋರಿಗೆ ಅದು ತಡ್ಕೊಳ್ಳೋಕಾಗದ ನಷ್ಟ ಅಲ್ಲ. ಮೂರು ಮ್ಯಾಚ್ ದುಡ್ಡು ಕೊಟ್ಟು ಕರೆಸ್ಕೊಂಡ್ರೆ ಒಂದಕ್ಕಾದ್ರೂ ಅವರ ಜಿಮ್‌ಗೆ ಹೋಗ್ಲೇಬೇಕು ಅಂತ ಎನ್‌ಸಿಎಎ ರೂಲ್ ಮಾಡ್ಲಿ. ಮೊದಲು ನಮ್ಮ ಡ್ಯೂಕೇ ಹೋಗ್ಲಿ, ದೂರಾನೂ ಹೋಗ್ಬೇಕಾಗಿಲ್ಲ. ಡ್ಯೂಕ್ ಇರೋ ಡರ್ಹಮಲ್ಲೇ, ಕಪ್ಪು ವರ್ಣೀಯರಿಗಾಗಿ ಶುರುವಾದ ನಾರ್ತ್ ಕ್ಯಾರೊಲಿನಾ ಸೆಂಟ್ರಲ್ ಇದೆ, ಕಾರಲ್ಲಿ ಹದಿನೈದು ನಿಮಿಷ. ಈ ಆಟ ಕಂಡುಹಿಡಿದ ನೈಸ್ಮಿತ್ ಹತ್ರಾನೇ ಕಲಿತ ಜಾನ್ ಮೆಕ್‌ಲೆಂಡನ್ ಕೋಚ್ ಆಗಿದ್ದ ಕಾಲೇಜು ಅದು. 1944ರ ಮಾರ್ಚಲ್ಲಿ, ಕಪ್ಪು ಬಿಳಿ ಹುಡುಗರು ಒಟ್ಟಿಗೆ ಆಡೋದಕ್ಕೇ ಅವಕಾಶ ಇಲ್ಲದಿದ್ದ ಕಾಲದಲ್ಲಿ, ಡ್ಯೂಕ್‌ನ ಮೆಡಿಕಲ್ ಕಾಲೇಜ್ ಟೀಮು ಯಾರಿಗೂ ಗೊತ್ತಾಗದ ಹಾಗೆ ಆ ಕ್ಯಾಂಪಸ್ಸಿಗೆ ಹೋಗಿ, ಬಾಗಿಲು ಹಾಕ್ಕೊಂಡು ಆಡಿ 88-44ಕ್ಕೆ ಸೋತು ಬಂದಿತ್ತು. ಈಗ ಡ್ಯೂಕ್‌ನ ಮೇನ್ ಟೀಮ್ ಹೋಗ್ಲಿ, ಬಾಗಿಲು ತೆಗೆದಿಟ್ಟು, ಸೆಂಟ್ರಲ್ ಸ್ಟೂಡೆಂಟ್ಸ್‌ಗೆ ಮುಂದಿನ ಸಾಲು ಪೂರ್ತಿ ಕೊಟ್ಟು ಆಡ್ಲಿ.