ಒಂದನೇ ಭಾಗ ಕೇಳಿದವರಿಗೆ ಮೂರನೇ ಭಾಗದ ಭಾಗ್ಯ

ಐದು ಸಂಪುಟಗಳ ಕಾದಂಬರಿಯನ್ನು ಒಂದನೇ ಸಂಪುಟದಿಂದಲೇ ಓದಲು ಶುರು ಮಾಡಬೇಕು ಎಂಬ ಹಳೇ ಮೂಢನಂಬಿಕೆ ಓದುಗರಲ್ಲಿ ಇನ್ನೂ ಉಳಿದಿದೆ. ಹತ್ತಾರು ಗ್ರಂಥಾಲಯಗಳು ಸೇರಿ ನಡೆಸುವ ಜಂಟಿ ಕ್ಯಾಟಲಾಗ್ ಮಾತ್ರ ಅದರಿಂದ ಎಂದೋ ಬಿಡುಗಡೆ ಪಡೆದಿದೆ. ಅದರ ಕಣ್ಣಿಗೆ ಐದೂ ಸಂಪುಟಗಳು ಸಮಾನ. ಕೃತಿಯ ಹೆಸರಿನ ಪಕ್ಕದಲ್ಲಿರುವ ‘ಕಾಯ್ದಿರಿಸಿ’ ಗುಂಡಿ ಒತ್ತಿದಿರಿ ಅನ್ನಿ, ಆ ದಾಖಲೆಗೆ ಅಂಟಿಕೊಂಡ ಬಾರ್‌ಕೋಡ್‌ಗಳಲ್ಲಿ ಯಾವುದು ಮೊದಲು ಸಿಗುತ್ತದೋ ಅದೇ ನಿಮ್ಮದು. ‘ನೀವು ಕೇಳಿದ ಪುಸ್ತಕ ಬಂದಿದೆ’ ಎಂದು ಮೊಬೈಲಿಗೆ ಸಂದೇಶ ಬರುತ್ತದೆ. ಎಷ್ಟನೇ ಸಂಪುಟ ಎಂದು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದು ಕೌಂಟರಿಗೆ ಹೋದ ಮೇಲೆ ತಿಳಿಯಬೇಕಾದ ಸುಖ.

ಇದರಲ್ಲಿ ಯಂತ್ರದ ತಪ್ಪಿಲ್ಲ. ಶೀರ್ಷಿಕೆ ಮಟ್ಟದ ಹೋಲ್ಡ್, ಅಂದರೆ ಕೃತಿಯ ಹೆಸರಿಗಷ್ಟೇ ಮಾಡಿದ ಕಾಯ್ದಿರಿಸುವಿಕೆ, ‘ಯಾವ ಪ್ರತಿಯಾದರೂ ಆದೀತು’ ಎಂದು ನೀವೇ ಬರೆದುಕೊಟ್ಟ ಮುಚ್ಚಳಿಕೆ. ಒಂಟಿ ಸಂಪುಟದ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ತೊಂದರೆ ಶುರುವಾಗುವುದು ಕೃತಿ ತುಂಡು ತುಂಡಾಗಿ ಬಂದಾಗ, ಆ ತುಂಡುಗಳನ್ನು ಒಂದೊಂದು ಗ್ರಂಥಾಲಯವೂ ತನ್ನ ಮನೆತನದ ಪದ್ಧತಿಯಂತೆ ದಾಖಲಿಸಿದಾಗ. ಒಬ್ಬರು ಐದಕ್ಕೂ ಬೇರೆ ಬೇರೆ ದಾಖಲೆ ಮಾಡಿ, ಕ್ಯಾಟಲಾಗ್ ದಾಖಲೆ ಬರೆಯುವ ಮಾದರಿಯಾದ ಮಾರ್ಕ್ 21ರಲ್ಲಿ ಶೀರ್ಷಿಕೆಗೆಂದಿರುವ 245ನೇ ಫೀಲ್ಡಿನ ‘ಎನ್’ ಉಪಫೀಲ್ಡಿನಲ್ಲಿ ಭಾಗದ ಸಂಖ್ಯೆ ಬರೆಯುತ್ತಾರೆ. ಇನ್ನೊಬ್ಬರು ಒಂದೇ ದಾಖಲೆ ಮಾಡಿ, 300ನೇ ಫೀಲ್ಡಿನಲ್ಲಿ ‘5 ಸಂಪುಟ’ ಎಂದು ಹೇಳಿ, ಕೆಳಗೆ ಐದು ಬಾರ್‌ಕೋಡ್ ನೇತುಹಾಕುತ್ತಾರೆ. ಮತ್ತೊಬ್ಬರು ಐದನ್ನೂ ಒಂದು ಪೆಟ್ಟಿಗೆಗೆ ತುಂಬಿ, ಪೆಟ್ಟಿಗೆಗೆ ಒಂದೇ ಬಾರ್‌ಕೋಡ್ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಮೂರೂ ಸರಿ. ಮೂರೂ ಒಂದೇ ಕ್ಯಾಟಲಾಗಿನಲ್ಲಿ ವಾಸವಾಗಿರುವುದಷ್ಟೇ ಸಮಸ್ಯೆ.

ಇದನ್ನು ಕಂಡು ಯಾರಿಗೋ ಸ್ವಚ್ಛತಾ ಅಭಿಯಾನದ ಹುಕಿ ಬರುತ್ತದೆ. ಐದು ದಾಖಲೆಗಳನ್ನು ಒಂದಕ್ಕೆ ವಿಲೀನ ಮಾಡುತ್ತಾರೆ. ಪ್ರತಿಗಳು ಹೊಸ ಮನೆಗೆ ಬರುತ್ತವೆ, ಹೋಲ್ಡ್‌ಗಳೂ ಬರುತ್ತವೆ. ಆದರೆ ನಾಲ್ಕನೇ ಸಂಪುಟದ ದಾಖಲೆಯಲ್ಲಿ ಕಾಯುತ್ತಿದ್ದವರ ‘ನಾಲ್ಕು’ ಎಂಬುದು ಆ ದಾಖಲೆಯ ಶೀರ್ಷಿಕೆಯಲ್ಲಿತ್ತೇ ಹೊರತು ಅವರ ಹೋಲ್ಡಿನಲ್ಲಿ ಇರಲಿಲ್ಲ. ದಾಖಲೆ ಹೋಯಿತು, ನಾಲ್ಕೂ ಹೋಯಿತು. ಈಗ ಅವರು ಯಾವುದಾದರೂ ಒಂದಕ್ಕೆ ಕಾಯುತ್ತಿದ್ದಾರೆ, ಅದು ಅವರಿಗೆ ಗೊತ್ತಿಲ್ಲ. ವಿಲೀನಕ್ಕೆ ಮೊದಲು ಹೋಲ್ಡ್ ಪಟ್ಟಿ ಮುದ್ರಿಸಿಕೊಂಡು, ಒಂದೊಂದನ್ನೂ ಆಯಾ ಭಾಗದ ಹೋಲ್ಡ್ ಆಗಿ ಬದಲಿಸಿದ್ದರೆ ಇಷ್ಟಾಗುತ್ತಿರಲಿಲ್ಲ. ಆದರೆ ಅಭಿಯಾನದ ವರದಿಯಲ್ಲಿ ಅಳಿಸಿದ ದಾಖಲೆಗಳ ಲೆಕ್ಕಕ್ಕೆ ಕಾಲಂ ಇದೆ, ಕಳೆದುಹೋದ ನಾಲ್ಕಕ್ಕೆ ಇಲ್ಲ.

ತಂತ್ರಾಂಶ ಬರೆಯುವವರು ಕಣ್ಣು ಮುಚ್ಚಿ ಕೂತಿಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಪೈನ್ಸ್ ಎಂಬ ಗ್ರಂಥಾಲಯ ಜಾಲಕ್ಕೆಂದು ತಯಾರಾಗಿ 2006ರಲ್ಲಿ ಬಳಕೆಗೆ ಬಂದ ಎವರ್‌ಗ್ರೀನ್ ತಂತ್ರಾಂಶದಲ್ಲಿ ‘ಪಾರ್ಟ್’ ಎಂಬ ಸೌಲಭ್ಯ ಎಷ್ಟೋ ವರ್ಷದಿಂದ ಇದೆ. ಇನ್ನೊಂದು ಗ್ರಂಥಾಲಯ ತಂತ್ರಾಂಶವಾದ ಕೋಹಾ 2022ರ ಕೊನೆಯಲ್ಲಿ ಬಂದ 22.11ನೇ ಆವೃತ್ತಿಯಲ್ಲಿ ‘ಐಟಂ ಗ್ರೂಪ್’ ಕೊಟ್ಟಿತು. ಒಂದನೇ ಸಂಪುಟದ ಪ್ರತಿಗಳಿಗೆಲ್ಲ ಒಂದು ಹಣೆಪಟ್ಟಿ ಕಟ್ಟಿ, ಓದುಗರು ಅದನ್ನೇ ಆರಿಸಿದರೆ ಅದೇ ಸಿಗುತ್ತದೆ. ಸರಳ. ಆದರೆ ಹಣೆಪಟ್ಟಿ ಬರೆಯುವವರು ಮನುಷ್ಯರು. ಹೀಗಾಗಿ ಆಯ್ಕೆಯ ಪಟ್ಟಿ ತೆರೆದರೆ ಕಾಣುವುದು ಇದು: ‘ಸಂಪುಟ 1’, ‘ಸಂಪುಟ-1’, ‘ಸಂ. 1’, ‘ಸಂ.1’, ‘ವಾಲ್ಯೂಮ್ 1’, ‘ವಾಲ್. 1’, ‘ಭಾಗ ಒಂದು’, ‘ಸಂ. 1-2’. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಇರುವ ವ್ಯತ್ಯಾಸ ಚುಕ್ಕೆಯ ಆಚೆಗಿನ ಒಂದು ಖಾಲಿ ಜಾಗ. ಯಂತ್ರಕ್ಕೆ ಅಷ್ಟು ಸಾಕು, ಅವು ಎರಡು ಬೇರೆ ವಸ್ತುಗಳು, ಎರಡಕ್ಕೂ ಬೇರೆ ಸರದಿ. ‘ಸಂ. 1’ರ ಒಂದೇ ಪ್ರತಿಗೆ ಹನ್ನೊಂದು ಜನ ಸಾಲು ನಿಂತಿರುವಾಗ ‘ಸಂ.1’ರ ಮೂರು ಪ್ರತಿಗಳು ಕಪಾಟಿನಲ್ಲಿ ಧೂಳು ತಿನ್ನುತ್ತಿರಬಹುದು. ಪಟ್ಟಿ ಬರಿಯ ಅಕ್ಷರ ಕ್ರಮದಲ್ಲಿ ಜೋಡಣೆಯಾಗುವ ಕಡೆ 1 ಆದ ಮೇಲೆ 10, 11, 12 ಬಂದು ಕೊನೆಗೆ 2ರ ದರ್ಶನವಾಗುತ್ತದೆ.

ಇಷ್ಟರ ನಡುವೆ ಒಂದು ಗ್ರಂಥಾಲಯ ಹಣೆಪಟ್ಟಿ ಕಟ್ಟುವುದನ್ನೇ ಮರೆತಿರುತ್ತದೆ. ಇದು ನಿಜವಾದ ರಸಗವಳ. ಕೆಲವು ತಂತ್ರಾಂಶಗಳಲ್ಲಿ ಎಲ್ಲ ಪ್ರತಿಗಳಿಗೂ ಭಾಗದ ಗುರುತಿದ್ದರೆ ಓದುಗರು ಭಾಗ ಆರಿಸಲೇಬೇಕು. ಒಂದೇ ಒಂದು ಪ್ರತಿ ಗುರುತಿಲ್ಲದೆ ಉಳಿದರೂ ‘ಯಾವುದಾದರೂ’ ಎಂಬ ಬಾಗಿಲು ಮತ್ತೆ ತೆರೆದುಕೊಳ್ಳುತ್ತದೆ. ಆ ಬಾಗಿಲಿನಿಂದ ಒಳಬಂದವರ ಹೋಲ್ಡಿಗೆ ಗುರುತಿಲ್ಲದ ಆ ಒಂದು ಪ್ರತಿ ಮಾತ್ರ ಅರ್ಹ. ಅದು ಸಾಮಾನ್ಯವಾಗಿ ಕಳೆದುಹೋಗಿರುತ್ತದೆ.

ಕೌಂಟರಿನ ಕಡೆ ಬನ್ನಿ. ಬೇರೆ ಊರಿನ ಗ್ರಂಥಾಲಯದಿಂದ ವ್ಯಾನಿನಲ್ಲಿ ಬಂದ ಮೂರನೇ ಸಂಪುಟವನ್ನು ಓದುಗರು ಬೇಡವೆಂದರು. ಸಿಬ್ಬಂದಿ ಅದನ್ನು ಚೆಕ್-ಇನ್ ಮಾಡುತ್ತಾರೆ, ಅಂದರೆ ವಾಪಸು ಬಂತೆಂದು ದಾಖಲಿಸುತ್ತಾರೆ. ಹೋಲ್ಡ್ ಇನ್ನೂ ಜೀವಂತ, ಸರದಿಯಲ್ಲಿ ಮೊದಲಿಗರು ಇವರೇ, ಆದ್ದರಿಂದ ಯಂತ್ರ ಅದೇ ಪುಸ್ತಕವನ್ನು ಅವರಿಗೇ ಹಿಡಿದು ಹೊಸ ಚೀಟಿ ಮುದ್ರಿಸುತ್ತದೆ. ಹೋಲ್ಡ್ ರದ್ದು ಮಾಡಿದರೆ ಪುಸ್ತಕ ಬಿಡುಗಡೆಯಾಗುತ್ತದೆ, ಜೊತೆಗೆ ಎರಡು ತಿಂಗಳು ಕಾದ ಅವರ ಸ್ಥಾನವೂ ಹೋಗುತ್ತದೆ. ಬಿಡುಗಡೆಯಾದ ಮೂರನೇ ಸಂಪುಟ ಸರದಿಯ ಮುಂದಿನವರಿಗೆ ಹೊರಡುತ್ತದೆ, ಅವರಿಗೂ ಬೇಕಾದದ್ದು ಒಂದನೆಯದೇ. ಬುದ್ಧಿವಂತ ಸಿಬ್ಬಂದಿ ಹೋಲ್ಡನ್ನು ರದ್ದು ಮಾಡದೆ ತಾತ್ಕಾಲಿಕವಾಗಿ ಅಮಾನತಿನಲ್ಲಿಟ್ಟು, ಪುಸ್ತಕ ದಾಟಿಸಿ, ಆಮೇಲೆ ಹೋಲ್ಡನ್ನು ಭಾಗದ ಮಟ್ಟಕ್ಕೆ ಇಳಿಸಿ ಹಳೆಯ ತಾರೀಖನ್ನೇ ಉಳಿಸಿಕೊಡುತ್ತಾರೆ. ಅದಕ್ಕೆ ಅನುಮತಿ ಇರುವ ಲಾಗಿನ್ ಬೇಕು, ಅದು ರಜೆಯಲ್ಲಿರುವವರ ಹತ್ತಿರ ಇರುತ್ತದೆ.

‘ದಯವಿಟ್ಟು ಒಂದನೇ ಸಂಪುಟ ಕಳಿಸಿ’ ಎಂದು ಷರಾ ಬರೆಯುವ ಮುಗ್ಧರೂ ಇದ್ದಾರೆ. ಯಂತ್ರ ಷರಾ ಓದುವುದಿಲ್ಲ. ಜಾಣರು ನಿರ್ದಿಷ್ಟ ಬಾರ್‌ಕೋಡಿಗೇ ಹೋಲ್ಡ್ ಹಾಕುತ್ತಾರೆ. ಆ ಪ್ರತಿ ಯಾರದೋ ಮನೆಯಲ್ಲಿ ಅವಧಿ ಮೀರಿ ಕೂತಿದ್ದರೆ, ಪಕ್ಕದ ಕಪಾಟಿನಲ್ಲೇ ಅದೇ ಸಂಪುಟದ ಬೇರೆ ಪ್ರತಿ ಇದ್ದರೂ ಹೋಲ್ಡ್ ಅತ್ತ ತಿರುಗಿಯೂ ನೋಡುವುದಿಲ್ಲ.

ಪೂರ್ತಿ ಸೆಟ್ ಬೇಕೆಂದವರ ಪಾಡು ಇನ್ನೂ ಸೊಗಸು. ಐದು ಹೋಲ್ಡ್ ಹಾಕಬೇಕು, ಒಬ್ಬರಿಗಿರುವ ಮಿತಿಯ ಬಹುಪಾಲು ಅಲ್ಲಿಗೇ ಖರ್ಚು. ಮೊದಲು ಐದನೆಯದು, ಆಮೇಲೆ ಎರಡನೆಯದು ಬರುತ್ತದೆ, ಒಂದನೆಯದು ಬರುವಷ್ಟರಲ್ಲಿ ಅವೆರಡರ ಕಾಯುವ ಅವಧಿ ಮುಗಿದು ವಾಪಸು ಹೊರಟಿರುತ್ತವೆ. ಒಂದನೆಯದನ್ನು ಮಾತ್ರ ಚಾಲ್ತಿಯಲ್ಲಿಟ್ಟು ಉಳಿದ ನಾಲ್ಕನ್ನು ಅಮಾನತಿನಲ್ಲಿಟ್ಟರೆ, ಸರದಿಯಲ್ಲಿ ಜಾಗ ಮುಂದೆ ಸರಿಯುತ್ತಲೇ ಇರುತ್ತದೆ, ಪುಸ್ತಕ ಮಾತ್ರ ಬರುವುದಿಲ್ಲ. ಈ ಗುಟ್ಟನ್ನು ಸಹಾಯ ಪುಟದಲ್ಲಿ ಹುಡುಕಬೇಡಿ.

ಪರಿಹಾರಕ್ಕೆ ಸಮಿತಿ ಇದೆ. ಹಣೆಪಟ್ಟಿಗೆ ಒಂದೇ ರೂಪ, ಒಂದೇ ಬಗೆಯ ಅಂಕಿ, ಪೆಟ್ಟಿಗೆಯ ಪ್ರತಿಗೂ ‘ಸಂಪುಟ 1-5’ ಎಂಬ ಗುರುತು: ಇಷ್ಟು ಮಾಡಿ ಹಳೆಯ ಹಣೆಪಟ್ಟಿಗಳನ್ನು ಒಂದರೊಳಗೊಂದು ಸೇರಿಸಿದರೆ ಮುಗಿಯಿತು ಎಂದು ಎಲ್ಲರಿಗೂ ಗೊತ್ತು. ಚರ್ಚೆ ಸದ್ಯ ‘ಸಂ’ ಆದ ಮೇಲಿನ ಚುಕ್ಕೆಯಲ್ಲಿ ನಿಂತಿದೆ. ಭಾಗಗಳಿರುವ ಕೃತಿಗೆ ಭಾಗ ಆರಿಸದೆ ಹೋಲ್ಡ್ ಹಾಕಲು ಬಿಡದ ಆಯ್ಕೆ ಎವರ್‌ಗ್ರೀನ್‌ನ ಸೆಟ್ಟಿಂಗಿನಲ್ಲೇ ಇದೆ. ಅದನ್ನು ಆನ್ ಮಾಡುವ ಪ್ರಸ್ತಾಪ ಬಿದ್ದುಹೋಯಿತು, ಓದುಗರಿಗೆ ಒಂದು ಕ್ಲಿಕ್ ಹೆಚ್ಚಾಗುತ್ತದಂತೆ.