ಸದ್ದು ಯಾವಾಗ ಬರುತ್ತೆ ಅಂತ ಕೇಳೋಕೆ ಎಷ್ಟು ದುಡ್ಡು?

ಬೆಳಗ್ಗೆಯಿಂದ ತಲೆ ಕೆಟ್ಟು ಕೂತಿದ್ದೇನೆ. ಇದನ್ನು ಬರೆದು ಮುಗಿಸದೆ ಊಟ ಸೇರುವ ಹಾಗಿಲ್ಲ. ಉದ್ದ ಆಗುತ್ತೆ. ಮತ್ತೆ ಅದೇ ಕಾರಿನ ಪುರಾಣವಾ ಅನ್ನುವವರು ಈಗಲೇ ಮುಂದಿನ ಪೋಸ್ಟಿಗೆ ಹೋಗಿ, ಬೇಜಾರಿಲ್ಲ.

ನಮ್ಮನೆ ಬೆಂಜ್ ವಿಷಯ ನಿಮಗೆಲ್ಲ ಗೊತ್ತೇ ಇದೆ. 1996ರ ಇ 220, ಪುಣೆಯಲ್ಲಿ ಜೋಡಿಸಿದ ಡಬ್ಲ್ಯು 124 ಮಾದರಿ. ಮಾವನವರ ಕಾರು. ಅವರು ಹೋದ ಮೇಲೆ ನನ್ನ ಪಾಲಿಗೆ ಬಂತು. 'ಪಾಲಿಗೆ ಬಂದದ್ದಲ್ಲ, ಗಂಟುಬಿದ್ದದ್ದು' ಅಂತ ನನ್ನ ಹೆಂಡತಿ ತಿದ್ದುತ್ತಾಳೆ. ಅವಳಪ್ಪನ ಕಾರು, ಅವಳದೇ ಮಾತು.

ಒಂದು ತಿಂಗಳಿಂದ ಅದಕ್ಕೆ ಮುಂದೆ ಎಡಗಡೆ ಟಕ್ ಟಕ್ ಅಂತ ಸದ್ದು. ಜೊತೆಗೆ ಸಣ್ಣ ಉಬ್ಬುತಗ್ಗಿಗೂ ಎತ್ತಿನಗಾಡಿ ಥರ ಕುಕ್ಕುತ್ತಿತ್ತು. ನೀರು ತುಂಬಿದ ಲೋಟ ಹಿಡಿದು ಕೂತರೂ ಚೆಲ್ಲದ ಕಾರು ಇದು. ಅದಕ್ಕೇ ಸಂಕಟ. ಇದನ್ನು ನೋಡುವ ಮೆಕ್ಯಾನಿಕ್, ನಮ್ಮ ಭಾಯ್, ನೆಂಟರ ಮದುವೆಗೆ ಅಂತ ಕಲಬುರಗಿಗೆ ಹೋಗಿದ್ದಾರೆ. ಕಾಯುವ ತಾಳ್ಮೆ ನನಗಿಲ್ಲ. ರಿಂಗ್ ರೋಡಿನಲ್ಲಿ ಹೊಸದಾಗಿ ಒಂದು ಗ್ಯಾರೇಜ್ ಆಗಿದೆ, ಹೆಸರು ಬೇಡ. ಗಾಜಿನ ಬಾಗಿಲು, ಎಸಿ ರೂಮು, ಕಾಫಿ ಮಷಿನ್. ನಿನ್ನೆ ಅಲ್ಲಿಗೆ ಹೋದೆ.

ಒಬ್ಬ ಹುಡುಗ ಟ್ಯಾಬ್ಲೆಟ್ ಹಿಡಿದು ಬಂದ. ಗುಡ್ ಮಾರ್ನಿಂಗ್ ಸಾರ್ ಅಂದ. ಬಾನೆಟ್ಟಿನ ಮೂಲೆಗೆ ಅಂಗೈ ಇಟ್ಟು ಎರಡು ಸಲ ಒತ್ತಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದ. 'ಸಾರ್, ಸಸ್ಪೆನ್ಷನ್ ಕಂಪ್ಲೀಟ್ ಹೋಗಿದೆ.' ಅಂದರೆ ರಸ್ತೆಯ ಕುಲುಕಾಟ ನಮಗೆ ತಾಗದ ಹಾಗೆ ಚಕ್ರದ ಹತ್ತಿರ ಇರುವ ಏರ್ಪಾಡೆಲ್ಲ.

ಅಷ್ಟೇ ಕಣ್ರೀ. ಕಾರಿನೊಳಗೆ ಕೂರಲಿಲ್ಲ. ಒಂದು ಸುತ್ತು ಓಡಿಸಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಇಪ್ಪತ್ತು ನಿಮಿಷದಲ್ಲಿ ನನ್ನ ವಾಟ್ಸಾಪಿಗೆ ಎಸ್ಟಿಮೇಟ್ ಬಂತು. ನಾಲ್ಕು ಶಾಕ್ ಅಬ್ಸಾರ್ಬರ್, ಎರಡು ಸ್ಪ್ರಿಂಗ್, ಎರಡು ಲೋಯರ್ ಆರ್ಮ್, ಬಾಲ್ ಜಾಯಿಂಟ್, ಇನ್ನೂ ಏನೇನೋ. ಒಟ್ಟು 1,84,000 ರೂಪಾಯಿ. ಕೊನೆಯಲ್ಲಿ ನಗುವ ಮುಖದ ಇಮೋಜಿ. ಸ್ಪ್ರಿಂಗ್ ಯಾಕಪ್ಪಾ ಅಂದೆ. 'ಬಲಗಡೆ ಒಂದು ಬೆರಳು ಇಳಿದಿದೆ ಸಾರ್.' ನಾನು ನೆಲ ನೋಡಿದೆ. ತೊಳೆದ ನೀರು ಹರಿದುಹೋಗಲಿ ಅಂತ ಅಂಗಳವನ್ನೇ ಬಲಗಡೆಯ ಮೋರಿಗೆ ಇಳಿಜಾರು ಮಾಡಿದ್ದಾರೆ! ಅಲ್ಲಿ ನಾನು ನಿಂತರೂ ಬಲಗಡೆ ಒಂದು ಬೆರಳು ಇಳಿದಿರುತ್ತೇನೆ.

ಆ ಒತ್ತಿ ನೋಡುವ ಪರೀಕ್ಷೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಒತ್ತಿ ಬಿಟ್ಟ ಮೇಲೆ ಕಾರು ಎರಡು ಮೂರು ಸಲ ಮೇಲೆ ಕೆಳಗೆ ಕುಣಿದರೆ ಶಾಕ್ ಸತ್ತಿದೆ ಅನ್ನಬಹುದು. ನನ್ನ ಕಾರು ಒಂದು ಸಲ ಎದ್ದು ಸುಮ್ಮನೆ ನಿಂತಿತು. ಎಲ್ಲೂ ಎಣ್ಣೆ ಸೋರಿಲ್ಲ. ಅವನು ಪರೀಕ್ಷೆ ಮಾಡಿದ, ಉತ್ತರ ಮಾತ್ರ ಮೊದಲೇ ಬರೆದಿಟ್ಟುಕೊಂಡಿದ್ದ.

ಕಾಫಿ ಕುಡಿಯದೆ ವಾಪಸ್ ಬಂದೆ. (ಸುಳ್ಳು. ಕುಡಿದೆ. ಚೆನ್ನಾಗಿತ್ತು.) ರಾತ್ರಿ ನಾಚಿಕೆ ಬಿಟ್ಟು ಭಾಯ್‌ಗೆ ಫೋನ್ ಮಾಡಿದೆ. ಹಿಂದೆ ಮದುವೆ ಮನೆ ಗಲಾಟೆ. ಅದರ ನಡುವೆಯೇ ಆ ಮನುಷ್ಯ ಕೇಳಿದ ಮೊದಲ ಪ್ರಶ್ನೆ: 'ಸದ್ದು ಯಾವಾಗ ಬರುತ್ತೆ ಸಾರ್?'

ನೋಡಿ, ಇದು ಬೇಕಿತ್ತು ನನಗೆ.

'ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದಾಗ ಬರುತ್ತಾ, ಇಲ್ಲ ಒಂದೇ ಚಕ್ರ ಗುಂಡಿಗೆ ಇಳಿದಾಗಲಾ?' ಯೋಚಿಸಿದೆ. ಹಂಪ್ ಮೇಲೆ ಸದ್ದೇ ಇಲ್ಲ. ಒಂದು ಚಕ್ರ ಗುಂಡಿಗೆ ಬಿದ್ದಾಗ ಮಾತ್ರ ಟಕ್. 'ಬ್ರೇಕ್ ಮೇಲೆ ಹಗುರ ಕಾಲಿಟ್ಟುಕೊಂಡು ಅದೇ ಗುಂಡಿ ಇಳಿಸಿದ್ರೆ?' ಬೆಳಗ್ಗೆ ಎದ್ದು ಅದನ್ನೂ ಮಾಡಿ ಹೇಳಿದೆ. ಆಗಲೂ ಬರುತ್ತೆ. 'ಹಾಗಾದ್ರೆ ಬ್ರೇಕ್ ಪ್ಯಾಡ್ ಅಲ್ಲ. ಕುಕ್ಕೋದು ಬೇರೆ, ಸದ್ದು ಬೇರೆ ಸಾರ್. ಎರಡನ್ನೂ ಒಂದೇ ಕಾಯಿಲೆ ಅಂದ್ಕೋಬೇಡಿ. ಟೈರಿಗೆ ಗಾಳಿ ಎಷ್ಟಿದೆ, ಮೊದಲು ಅದು ನೋಡಿ.'

ಗಾಳಿ! ಪೆಟ್ರೋಲ್ ಮುಚ್ಚಳದ ಒಳಗೇ ಎಷ್ಟು ಹಾಕಬೇಕು ಅಂತ ಅಂಟಿಸಿದ್ದಾರೆ. ಅಳೆದರೆ ನಾಲ್ಕೂ ಟೈರಿನಲ್ಲಿ ಅದಕ್ಕಿಂತ ಹತ್ತು ಪಿಎಸ್‌ಐ ಜಾಸ್ತಿ. ಕಳೆದ ತಿಂಗಳು ಬಂಕಿನಲ್ಲಿ ಹಾಕಿಸಿದ್ದೆ, ನಾನು ಫೋನ್ ನೋಡುತ್ತಾ ಒಳಗೇ ಕೂತಿದ್ದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತಲ್ಲ, ಅದನ್ನೂ ಓದಿದೆ: 2317. ಅಂದರೆ 2017ರ 23ನೇ ವಾರದ ಟೈರು. ಕಾರು ಜಾಸ್ತಿ ಓಡುವುದಿಲ್ಲ, ಅದಕ್ಕೇ ಟೈರಿನ ಮೇಲಿನ ಗೀರು ಇನ್ನೂ ಆಳವಾಗಿದೆ, ಹೊಸದರ ಹಾಗೇ ಕಾಣುತ್ತೆ. ಉಗುರು ಒತ್ತಿದರೆ ಗೊತ್ತಾಗುತ್ತೆ. ಮರದ ಹಾಗೆ ಗಟ್ಟಿ. ಇಂಥ ಟೈರಿನ ಮೇಲೆ ಜಗತ್ತಿನ ಯಾವ ಸಸ್ಪೆನ್ಷನ್ ಕೂರಿಸಿದರೂ ಕುಕ್ಕುತ್ತೆ. ಗಾಳಿ ಇಳಿಸಿದೆ. ಅರ್ಧ ಕುಕ್ಕಾಟ ಅಲ್ಲೇ ಹೋಯಿತು, ಖರ್ಚು ಸೊನ್ನೆ.

ಇನ್ನು ಸದ್ದು. ಮುಂದಿನ ಎರಡು ಚಕ್ರಗಳ ನಡುವೆ ಒಂದು ಉದ್ದನೆಯ ಕಂಬಿ ಇರುತ್ತದೆ, ಆಂಟಿ ರೋಲ್ ಬಾರ್. ತಿರುವಿನಲ್ಲಿ ಕಾರು ವಾಲದ ಹಾಗೆ ಹಿಡಿಯುವುದು ಅದರ ಕೆಲಸ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಅದು ಸುಮ್ಮನೆ ಹೊರಳುತ್ತದೆ. ಒಂದೇ ಚಕ್ರ ಎದ್ದರೆ ತಿರುಚಿಕೊಳ್ಳುತ್ತದೆ. ಅದನ್ನು ಹಿಡಿದಿರುವ ರಬ್ಬರ್ ಬುಷ್ ಸವೆದಿದ್ದರೆ ಆಗ ಟಕ್ ಅನ್ನುತ್ತದೆ. ಭಾಯ್ ಪ್ರಶ್ನೆಯಲ್ಲಿ ಇಷ್ಟೂ ಇತ್ತು ನೋಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಲ್ಲಿಸಿ, ಚಕ್ರದ ಹಿಂದೆ ಟಾರ್ಚ್ ಬಿಟ್ಟೆ. ಮಗಳು ಕಾರನ್ನು ಪಕ್ಕದಿಂದ ಅಲ್ಲಾಡಿಸಿದಳು. ಬೆರಳಿಟ್ಟ ಕಡೆ ಚಿಟಿಕೆ ಹೊಡೆದ ಹಾಗಾಯಿತು. ರಬ್ಬರ್ ಬಿರುಕು ಬಿಟ್ಟು, ಕಂಬಿ ಉಜ್ಜಿ ಉಜ್ಜಿ ಬೆಳ್ಳಿ ಥರ ಹೊಳೆಯುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಫೋನ್ ಮಾಡಿ ಕೇಳಿದೆ. ಬುಷ್ ಸೆಟ್ 900 ರೂಪಾಯಿ.

1,84,000 ಎಲ್ಲಿ, 900 ಎಲ್ಲಿ.

ಹೋಗಲಿ, ನಾಲ್ಕು ಶಾಕ್ ಹಾಕಿಸಿದ್ದರೆ ಕಾರಿಗೆ ಒಳ್ಳೆಯದೇ ಆಗುತ್ತಿತ್ತಲ್ವಾ ಅಂತ ನಮ್ಮ ಷಡ್ಡಕ ಕೇಳಿದರು. ಆಗುತ್ತಿರಲಿಲ್ಲ ಮಾರಾಯ್ರೇ! ಟಕ್ ಟಕ್ ಹಾಗೇ ಇರುತ್ತಿತ್ತು. ಬೇಕಿಲ್ಲದ್ದನ್ನು ಬಿಚ್ಚಿ ಕಟ್ಟುವುದರಲ್ಲೂ ಅಪಾಯ ಇದೆ, ಅದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ.

ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಹಿಂಬದಿ ಸ್ವಲ್ಪ ಅಲೆಯುತ್ತಿತ್ತು. ಈ ಕಾರಿನ ಹಿಂಚಕ್ರಕ್ಕೆ ಒಂದೊಂದಕ್ಕೆ ಐದೈದು ಆರ್ಮ್, ಅಂದರೆ ಚಕ್ರವನ್ನು ಕಾರಿಗೆ ಹಿಡಿದಿಡುವ ತೋಳು. 1982ರಲ್ಲಿ ಬೆಂಜ್ 190ರಲ್ಲಿ ಮೊದಲು ಬಂದ ವಿನ್ಯಾಸ, ಈ ಕಾರಿನ ಹಿತವೆಲ್ಲ ಅದರಲ್ಲೇ ಇದೆ. ನಾನು ಮೂರು ರಾತ್ರಿ ಇಂಟರ್ನೆಟ್ ಓದಿ ಪಂಡಿತನಾದೆ. ಭಾಯ್ 'ಒಂದೊಂದೇ ನೋಡೋಣ, ಎಲ್ಲಾ ಬೇಡ' ಅಂದರೂ ಕೇಳದೆ ಬೇರೆ ಕಡೆ ಕೊಟ್ಟು ಹತ್ತೂ ಹಾಕಿಸಿದೆ. ಅವರು ಕಾರನ್ನು ಲಿಫ್ಟಿಗೆ ಏರಿಸಿ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡಿದರು. ವರ್ಷ ತುಂಬುವುದರೊಳಗೆ ಆ ಆರ್ಮ್‌ಗಳ ಹೊಸ ರಬ್ಬರ್ ಬುಷ್‌ಗಳೇ ಹರಿದುಹೋದವು.

ಆವತ್ತು ಭಾಯ್ ಬೈಯಲಿಲ್ಲ. ಕೈ ಒರೆಸಿಕೊಳ್ಳುತ್ತಿದ್ದ ಒದ್ದೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿ ತೋರಿಸಿದರು. ಜೋತಾಡುವಾಗ ಬಿಗಿ ಮಾಡಿದರೆ ಕಾರು ಕೆಳಗಿಳಿದು ಭಾರ ಬಿದ್ದ ತಕ್ಷಣ ರಬ್ಬರ್ ಹೀಗೆ ತಿರುಚಿಕೊಂಡೇ ಇರುತ್ತದೆ, ಓಡಿದರೂ ನಿಂತರೂ. ಬೋಲ್ಟ್ ಸುಮ್ನೆ ಕೂರಿಸಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕು. ಹೊಸ ಪಾರ್ಟ್ ಹಾಕಿದರೂ ಕಾರು ಹಾಳಾಗಬಹುದು ಅಂತ ನನಗೆ ಅರ್ಥ ಆದದ್ದು ಆ ಒದ್ದೆ ಬಟ್ಟೆ ನೋಡಿದ ಮೇಲೆ. ಆ ಬಿಲ್ಲನ್ನು ಮನೆಯಲ್ಲಿ ಇನ್ನೂ ತೋರಿಸಿಲ್ಲ. ಈಗ ಓದುತ್ತಾಳೆ. ಓದಲಿ.

ನನ್ನ ಕಾರು ಒಂದೇ ಅಲ್ಲ. ಬೆಂಗಳೂರಿನ ಗೆಳೆಯನ ಹಳೇ ಬೆಂಜ್ ಎಸ್ ಕ್ಲಾಸ್ ಇದೆ, ಡಬ್ಲ್ಯು 220. ಅದಕ್ಕೆ ಕಬ್ಬಿಣದ ಸ್ಪ್ರಿಂಗ್ ಇಲ್ಲ, ಗಾಳಿಯ ಸ್ಪ್ರಿಂಗ್. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಮುಂದಿನ ಒಂದು ಮೂಲೆ ಮಂಡಿಯೂರಿದ ಎಮ್ಮೆ. ಅದಕ್ಕೆ ಗಾಳಿ ತುಂಬುವ ಕಂಪ್ರೆಸರ್ ಹೋಗಿದೆ ಅಂದರು, ಹೊಸದು ಹಾಕಿದರು. ಆರು ತಿಂಗಳಿಗೆ ಅದೂ ಸುಟ್ಟಿತು. ಇನ್ನೊಂದು ಹಾಕೋಣ ಅಂದರಂತೆ! ಕೊನೆಗೆ ಯಾರೋ ಪುಣ್ಯಾತ್ಮ ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ತಂದು ಹೊಡೆದ. ಗಾಳಿ ಚೀಲದ ಮಡಿಕೆಯಲ್ಲಿ ಬುಳಬುಳ ಗುಳ್ಳೆ. ಗಾಳಿ ಸೋರುತ್ತಿತ್ತು, ಅದನ್ನು ತುಂಬಿ ತುಂಬಿ ಪಾಪ ಕಂಪ್ರೆಸರ್ ಸತ್ತಿತ್ತು. ಸತ್ತವನನ್ನೇ ಕಳ್ಳ ಅಂತ ಹಿಡಿದಿದ್ದರು.

ಗ್ಯಾರೇಜಿನವರ ಕಷ್ಟ ನಿಂಗೇನು ಗೊತ್ತು ಅಂತ ಕಾಮೆಂಟ್ ಬರುತ್ತದೆ, ನನಗೆ ಗೊತ್ತು. ಬಾಡಿಗೆ, ಸಂಬಳ, ಲಿಫ್ಟಿನ ಸಾಲ. ಒಂದೊಂದು ಕಾರಿಗೆ ಒಂದೊಂದು ಗಂಟೆ ಕಿವಿ ಕೊಟ್ಟು ಕೂತರೆ ಹೊಟ್ಟೆ ತುಂಬುವುದಿಲ್ಲ. ಸರಿ. ಹಾಗಾದರೆ ನೋಡುವುದಕ್ಕೇ ಸಾವಿರ ರೂಪಾಯಿ ಅಂತ ಬೋರ್ಡ್ ಹಾಕಿ ಸ್ವಾಮೀ. ಕೊಡುತ್ತೇವೆ. ನೋಡುವುದು ಫ್ರೀ ಅಂತ ಬರೆದು, ನೋಡದೇ ಇದ್ದರೆ ಹೇಗೆ?

ಕೊಡುತ್ತೇವೆ ಅಂತ ಜೋರಾಗಿ ಬರೆದುಬಿಟ್ಟೆ. ಕಳೆದ ವರ್ಷ ಇದೇ ಭಾಯ್ ಒಂದು ಅಲುಗಾಟವನ್ನು ಹತ್ತೇ ನಿಮಿಷದಲ್ಲಿ ಹಿಡಿದರು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು, ಏನಿಲ್ಲ. ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರು, ಕಟಕಟ. ಟೈ ರಾಡ್ (ಸ್ಟೇರಿಂಗಿನಿಂದ ಚಕ್ರ ತಿರುಗಿಸುವ ಕಂಬಿ) ಅಂದರು, ಹೌದು. ನೋಡಿದ್ದಕ್ಕೆ 500 ಕೊಡಿ ಸಾರ್ ಅಂದರು. 'ಹತ್ತು ನಿಮಿಷಕ್ಕೆ 500ಆ ಭಾಯ್?' ಅಂತ ಕೇಳಿ 200 ಕೊಟ್ಟು ಬಂದವನು ನಾನೇ. ಎಸಿ ರೂಮಿನಲ್ಲಿ ಕೊಟ್ಟಿದ್ದರೆ ರಸೀದಿ ಕೂಡ ಕೇಳುತ್ತಿರಲಿಲ್ಲ.

ಮಾರಿಬಿಡಿ ಅನ್ನುವವರಿಗೆ ಉತ್ತರ ಕೊಡುವುದಿಲ್ಲ. ಕಳೆದ ಸಲ ಕೊಟ್ಟೆ, ಮೂವರು ಅನ್‌ಫ್ರೆಂಡ್ ಆದರು.

ಗ್ಯಾರೇಜಿನಿಂದ ಈಗ ತಾನೇ ಇನ್ನೊಂದು ಮೆಸೇಜು. 'ಸಾರ್, ಇವತ್ತು ಕನ್ಫರ್ಮ್ ಮಾಡಿದ್ರೆ ಶೇಕಡ 10 ಡಿಸ್ಕೌಂಟ್.' ಸದ್ದು ಯಾವಾಗ ಬರುತ್ತೆ ಅಂತ ಇವತ್ತೂ ಕೇಳಿಲ್ಲ.

ಭಾಯ್ ಶುಕ್ರವಾರ ನಮಾಜ್ ಮುಗಿಸಿ ಮನೆಗೇ ಬರುತ್ತೇನೆ ಅಂದಿದ್ದಾರೆ. ಬುಷ್ ಅಷ್ಟರೊಳಗೆ ಕೊರಿಯರಿನಲ್ಲಿ ಬಂದಿರುತ್ತೆ. ಟೈರಿಗೆ ದುಡ್ಡು ಹೊಂದಿಸಬೇಕು. ಹಳೇ ಬಾಕಿ 300 ರೂಪಾಯಿ ಕವರಿನಲ್ಲಿ ಹಾಕಿ ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಇಟ್ಟಿದ್ದೇನೆ. ಅಲ್ಲಿದ್ದ ಎರಡು ವರ್ಷದ ಹಿಂದಿನ ಬಿಲ್ಲು ಮಾತ್ರ ಕಾಣುತ್ತಿಲ್ಲ. ಒಳಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಸ್ವಲ್ಪ ಜೋರಾಗಿದೆ.